ಉರು ಹೊಡೆಸಿದ ನೆನಪು

ಟೀಚರಮ್ಮನ ಕೈಗೆ ಸಿಕ್ಕ ಮಗು ಫೇಲಾಗುವುದಿಲ್ಲ ಅನ್ನುವ ಮಾತು ಆ ಬೀದಿಯಲ್ಲಿ ಇವತ್ತು ನಿನ್ನೆಯದಲ್ಲ. ಶಾಲೆಯವರು ಕೈಬಿಟ್ಟ ಮಕ್ಕಳು, ಪುಸ್ತಕ ಕಂಡರೆ ಮಾರುದೂರ ಓಡುವ ಮಕ್ಕಳು, ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ಅವರ ಅಡುಗೆಮನೆಯ ಮೇಜಿನ ಮುಂದೆ ಬಂದು ಕೂರುತ್ತಿದ್ದರು. ಬುದ್ಧಿ ಬೆಳೆಸುತ್ತೇನೆ ಅಂತ ಟೀಚರಮ್ಮ ಯಾವತ್ತೂ ಜಂಬ ಕೊಚ್ಚಿದವರಲ್ಲ. "ಅರ್ಥ ಆಮೇಲೆ ಆಗತ್ತೆ, ಮೊದಲು ಪಾಸಾಗು" ಅನ್ನುವುದು ಅವರ ಪದ್ಧತಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಜಾಲಾಡಿ, ಯಾವ ಪ್ರಶ್ನೆ ಯಾವಾಗ ಸುತ್ತಿ ಬರುತ್ತದೆ ಅಂತ ಪತ್ತೆ ಹಚ್ಚಿ, ಉತ್ತರ ಉರು ಹೊಡೆಸಿ ಕಳಿಸುತ್ತಿದ್ದರು. ಪ್ರಶ್ನೆ ಕೇಳುವವರು ಸೋಮಾರಿಗಳು, ಹೊಸದನ್ನು ಯೋಚಿಸುವ ಗೋಜಿಗೆ ಹೋಗುವುದಿಲ್ಲ ಅನ್ನುವುದು ಅವರ ಜೀವಮಾನದ ಅನುಭವ. ಅದು ಸುಳ್ಳಾದದ್ದು ಕಡಿಮೆ.

ಈಗ ಆ ಮೇಜಿನ ಮುಂದೆ ಉಳಿದಿದ್ದ ವಿದ್ಯಾರ್ಥಿ ಒಬ್ಬರೇ, ಅವರ ಗಂಡ. ಬೀದಿಯವರ ಬಾಯಲ್ಲಿ ಅವರು ಕಂಡಕ್ಟರು. ಜೀವನವಿಡೀ ಸಿಟಿ ಬಸ್ಸಿನಲ್ಲಿ ನಿಂತುಕೊಂಡೇ ಟಿಕೆಟ್ ಹರಿದವರು. ಅವರಿಗೆ ಆಲ್‌ಝೈಮರ್ ಕಾಯಿಲೆ. ಆಸ್ಪತ್ರೆಯಲ್ಲಿ ಹೊಸ ಮಾತ್ರೆಯೊಂದರ ಪ್ರಯೋಗ ನಡೆಯುತ್ತಿತ್ತು, ಅದರಲ್ಲಿ ಅವರ ಹೆಸರೂ ಇತ್ತು. ಕೆಲವು ತಿಂಗಳಿಗೊಮ್ಮೆ ನೆನಪಿನ ಪರೀಕ್ಷೆ. ಅಂಕ ತೀರಾ ಬಿದ್ದರೆ ಮಾತ್ರೆ ನಿಲ್ಲಿಸಿ, ಹೆಸರು ಹೊಡೆದುಹಾಕುತ್ತಿದ್ದರು. ಹೊಡೆದುಹಾಕಿದ ಮೇಲೆ ಇನ್ನೇನೂ ಇಲ್ಲ, ಈ ಕಾಯಿಲೆಗೆ ಬೇರೆ ಬಾಗಿಲು ಎಲ್ಲೂ ತೆರೆದಿಲ್ಲ ಅಂತ ಟೀಚರಮ್ಮನಿಗೆ ಗೊತ್ತಿತ್ತು. ಹಾಗಾಗಿ ಗಂಡನನ್ನು ಪಾಸು ಮಾಡಿಸಲೇಬೇಕು ಅಂತ ಟೊಂಕ ಕಟ್ಟಿ ನಿಂತರು.

"ಇವತ್ತು ಯಾವ ವಾರ?"

"ನೀನು ಯಾವ್ದು ಹೇಳ್ತೀಯೋ ಅದು."

"ತಮಾಷೆ ಸಾಕು ರೀ. ಯಾವ ವಾರ?"

"ಬುಧವಾರ. ನಿನ್ನ ಮುಖ ನೋಡಿದ್ರೆ ಶನಿವಾರದ ಹಾಗಿದೆ, ಆದ್ರೂ ಬುಧವಾರ."

"ನೂರರಿಂದ ಏಳೇಳು ಕಳೀತಾ ಬನ್ನಿ."

ಇದೊಂದಕ್ಕೆ ಟೀಚರಮ್ಮ ಕಷ್ಟಪಡಬೇಕಾಗಿರಲಿಲ್ಲ. ತುಂಬಿದ ಬಸ್ಸಿನಲ್ಲಿ, ಒಂದು ಕಾಲಿನ ಮೇಲೆ ನಿಂತು, ಚಿಲ್ಲರೆ ಕೊಟ್ಟು ಕೊಟ್ಟು ಪಳಗಿದ ನಾಲಿಗೆ ಅದು. ತೊಂಬತ್ತಮೂರು, ಎಂಬತ್ತಾರು ಅಂತ ನೀರು ಕುಡಿದಷ್ಟು ಸಲೀಸಾಗಿ ಹೇಳಿ, ಕೊನೆಗೆ "ಮುಂದೆ ನಡೀರಿ, ಮುಂದೆ ಜಾಗ ಇದೆ" ಅಂತ ಸೇರಿಸುತ್ತಿದ್ದರು. ಆಗ ಟೀಚರಮ್ಮ ಮಾತ್ರೆ ಬಿಡಿಸಿ ಅವರ ಅಂಗೈಯಲ್ಲಿಟ್ಟು, ನೀರಿನ ಲೋಟ ಮುಂದೆ ಮಾಡುತ್ತಿದ್ದರು. ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಎದ್ದು ಒಲೆಯ ಕಡೆ ಹೋಗುವುದು.

ಕಾಯಿಲೆ ಮೊದಲು ಕಾಣಿಸಿಕೊಂಡದ್ದೇ ಬಸ್ಸಿನಲ್ಲಿ. ಒಂದು ಮಧ್ಯಾಹ್ನ ಕಂಡಕ್ಟರು ಟಿಕೆಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡೇ ಯಾವುದೋ ಸ್ಟಾಪಿನಲ್ಲಿ ಇಳಿದು, ಕಟ್ಟೆಯ ಮೇಲೆ ಕೂತುಬಿಟ್ಟರು. ಡ್ರೈವರು ಇಳಿದು ಬಂದು ಕೇಳಿದರೆ, "ನನ್ನ ಸ್ಟಾಪ್ ಬಂತಲ್ಲಪ್ಪ" ಅಂದರಂತೆ. ಜನ ನಕ್ಕರು, ಡ್ರೈವರು ನಗಲಿಲ್ಲ. ಸಂಜೆ ಅವನೇ ಮನೆತನಕ ಬಂದು ಬಿಟ್ಟುಹೋದ.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಹೇಳುವವರು. ಮೊದಲ ದಿನವೇ ಖಾಲಿ ಹಾಳೆಯ ಮೇಲೆ ಒಂದು ಗೋಡೆ ಬರೆದರು. ಅದಕ್ಕೆ ಚುಚ್ಚಿಕೊಂಡು ನಿಂತ ಒಂದು ಉದ್ದದ ಗೆರೆ ಎಳೆದರು.

"ನರಕೋಶದ ಗೋಡೆಯಲ್ಲಿ ಈ ಪ್ರೋಟೀನು ಹೀಗೆ ನಿಂತಿರತ್ತೆ. ಸ್ವಲ್ಪ ಒಳಗೆ, ಹೆಚ್ಚು ಹೊರಗೆ. ಇದನ್ನ ಕತ್ತರಿಸೋಕೆ ಕಿಣ್ವಗಳಿವೆ. ಒಂದು ಕಿಣ್ವ ಇಲ್ಲಿ ಕತ್ತರಿಸತ್ತೆ. ಹಾಗೆ ಕತ್ತರಿಸಿದ್ರೆ ಏನೂ ತೊಂದರೆ ಇಲ್ಲ. ಇನ್ನೊಂದು ಕಿಣ್ವ ಸ್ವಲ್ಪ ಆಚೆ ಕತ್ತರಿಸತ್ತೆ. ಅದರ ಹಿಂದೆನೇ ಮೂರನೇದು ಬಂದು ಬುಡದಲ್ಲಿ ಕತ್ತರಿಸತ್ತೆ. ಆಗ ನಡುವೆ ಉಳಿಯೋ ಚಿಕ್ಕ ತುಂಡು ಅಂಟಂಟು. ಒಂದಕ್ಕೊಂದು ಅಂಟ್ಕೊಂಡು, ಗಂಟುಗಂಟಾಗಿ ಕೋಶಗಳ ಮಧ್ಯೆ ಕೂತ್ಕೊಳ್ಳತ್ತೆ."

"ಅಂದ್ರೆ ನನ್ನ ತಲೆಯೊಳಗೂ ಒಬ್ಬ ಕಂಡಕ್ಟರ್ ಇದಾನೆ. ಟಿಕೆಟ್ಟನ್ನ ತಪ್ಪು ಜಾಗದಲ್ಲಿ ಹರೀತಿದಾನೆ" ಅಂದರು ಕಂಡಕ್ಟರು. ಆಗಿನ್ನೂ ಅವರ ನಾಲಿಗೆ ಚುರುಕಾಗಿತ್ತು.

ಡಾಕ್ಟರಮ್ಮ ನಕ್ಕರು. "ಹಾಗೇ ಅಂದ್ಕೊಳ್ಳಿ. ಈ ಮಾತ್ರೆ ಅವನ ಕೈ ಕಟ್ಟತ್ತೆ. ಅಂಟು ತುಂಡು ಹುಟ್ಟೋದೇ ಇಲ್ಲ ಅನ್ನೋದು ನಮ್ಮ ಆಸೆ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಹುಸಿ ಮಾತ್ರೆ. ಯಾರಿಗೆ ಯಾವ್ದು ಅಂತ ನನಗೂ ಗೊತ್ತಿರಲ್ಲ. ಆ ಕಿಣ್ವಕ್ಕೆ ಬೇರೆ ಕೆಲಸಗಳೂ ಇರ್ಬಹುದು. ಅದಕ್ಕೇ ಪದೇ ಪದೇ ಪರೀಕ್ಷೆ ಮಾಡಿ ನೋಡ್ತಾ ಇರ್ತೀವಿ. ಅಂಕ ಬೀಳ್ತಾ ಬಂದ್ರೆ ನಿಲ್ಲಿಸಿಬಿಡ್ತೀವಿ."

ಟೀಚರಮ್ಮ ಶಾಲೆಯಲ್ಲಿ ಜೊಲ್ಲಿನ ಕಿಣ್ವದ ಪಾಠ ಮಾಡಿದವರು. ಹೇಳಿದ್ದು ತಟ್ಟನೆ ತಲೆಗೆ ಹೋಯಿತು. ಆದರೆ ಅಷ್ಟೂ ಮಾತಿನಲ್ಲಿ ಅವರ ಎದೆಗೆ ನಾಟಿದ್ದು ಎರಡೇ. ಮಾತ್ರೆ ಆ ಹಾಳು ಕತ್ತರಿಯ ಕೈ ಕಟ್ಟುತ್ತದೆ, ಅಂಕ ಬಿದ್ದರೆ ಮಾತ್ರೆ ಕೊಡುವುದಿಲ್ಲ. ಗಂಡನಿಗೆ ಸಿಕ್ಕಿರುವುದು ನಿಜವಾದ ಮಾತ್ರೆಯೇ ಅಂತ ಆವತ್ತೇ ತೀರ್ಮಾನಿಸಿಬಿಟ್ಟರು. ಹುಸಿ ಮಾತ್ರೆಯನ್ನು ದಿನಾ ಬೆಳಿಗ್ಗೆ ಶ್ರದ್ಧೆಯಿಂದ ನುಂಗಿಸುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ ಹೇಳಿ?

ಮೊದಲ ಪರೀಕ್ಷೆ ಪರವಾಗಿಲ್ಲ ಅನ್ನುವ ಹಾಗಾಯಿತು. ಎರಡನೆಯದರಲ್ಲಿ ಅಂಕ ಇಳಿಯಿತು. "ಸ್ವಲ್ಪ ಇಳಿದಿದೆ, ನೋಡೋಣ. ಮುಂದಿನ ಸಲಾನೂ ಹೀಗೇ ಆದ್ರೆ ಯೋಚನೆ ಮಾಡ್ಬೇಕಾಗತ್ತೆ" ಅಂದರು ಡಾಕ್ಟರಮ್ಮ. ಬಸ್ಸಿನಲ್ಲಿ ಮನೆಗೆ ಬರುವಾಗ ಪಕ್ಕದಲ್ಲಿ ಕೂತ ಗಂಡ ಕಿಟಕಿಯಾಚೆ ನೋಡುತ್ತ ಸ್ಟಾಪುಗಳ ಹೆಸರನ್ನು ಒಂದೊಂದಾಗಿ ಸಣ್ಣ ದನಿಯಲ್ಲಿ ಕೂಗುತ್ತಿದ್ದರು. ಒಂದೂ ತಪ್ಪಲಿಲ್ಲ. ಇವರನ್ನು ಫೇಲು ಅಂತ ಹೇಗೆ ಬಿಡುವುದು ಅನ್ನಿಸಿತು ಟೀಚರಮ್ಮನಿಗೆ.

ಪರೀಕ್ಷೆಯ ಕೋಣೆ ಅಂದರೆ ಪೂರ್ತಿ ಕೋಣೆಯಲ್ಲ. ದೊಡ್ಡ ಹಜಾರವನ್ನು ಹಲಗೆಯಿಂದ ಅಡ್ಡ ಮಾಡಿದ್ದರು, ಹಲಗೆ ಮೇಲಿನತನಕ ಮುಟ್ಟುತ್ತಿರಲಿಲ್ಲ. ಒಳಗೆ ಪರೀಕ್ಷೆ ಮಾಡುವ ಹುಡುಗಿ ನೆನಪಿಟ್ಟು ತಿರುಗಿ ಹೇಳಬೇಕಾದ ಪದಗಳನ್ನು ಬಿಡಿಸಿ ಬಿಡಿಸಿ ಓದುವುದು ಹೊರಗಿನ ಬೆಂಚಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕುರ್ಚಿ, ಬೆಣ್ಣೆ, ಸೇತುವೆ, ಬಾತುಕೋಳಿ. ಪ್ರತಿ ಸಲವೂ ಬೇರೆ ಪದಗಳು. ಆದರೆ ಎಷ್ಟು ಸಲ ಬೇರೆ ಪದ ಹುಡುಕಿಯಾರು? ಟೀಚರಮ್ಮ ಕಾದರು. ಮಾತ್ರೆ ತರಲು ಹೋದಾಗಲೆಲ್ಲ, ಬೆಂಚಿನ ಮೇಲೆ ಕೂತ ಬೇರೆಯವರು ಅವರವರ ಕಷ್ಟ ಹೇಳಿಕೊಳ್ಳುತ್ತಿದ್ದರೆ ಇವರು ಕಿವಿಯನ್ನೆಲ್ಲ ಹಲಗೆಗೆ ಕೊಟ್ಟು ಕೂತಿರುತ್ತಿದ್ದರು. ಪಕ್ಕದ ಕೋಣೆಯಲ್ಲಿ ಇನ್ಯಾರದೋ ಪರೀಕ್ಷೆ ನಡೆದರೂ ಸರಿ, ಅದನ್ನೂ ಕೇಳಿಸಿಕೊಂಡರು. ಅವರ ಊಹೆ ಸುಳ್ಳಾಗಲಿಲ್ಲ. ಪಟ್ಟಿಗಳು ಇದ್ದದ್ದೇ ಬೆರಳೆಣಿಕೆಯಷ್ಟು. ಸರದಿಯ ಮೇಲೆ ಸುತ್ತುತ್ತಿದ್ದವು. ಕಥೆಯೂ ಅಷ್ಟೇ, ಕೇಳಿ ತಿರುಗಿ ಹೇಳಬೇಕಾದ ಕಥೆ. ಒಮ್ಮೆ ಪರ್ಸು ಕಳೆದುಕೊಂಡ ಅಡುಗೆಯವಳು, ಇನ್ನೊಮ್ಮೆ ದೋಣಿಯಲ್ಲಿ ಬಿರುಗಾಳಿಗೆ ಸಿಕ್ಕ ಮೀನುಗಾರ.

ಪಟ್ಟಿಯ ಗುಟ್ಟು ಸಿಕ್ಕ ದಿನ ಟೀಚರಮ್ಮ ಮನೆಗೆ ಬಂದದ್ದು ಬಹಳ ದಿನಗಳ ಮೇಲೆ ಹಗುರಾಗಿ.

ಬರೀ ಉರು ಹೊಡೆಸಿದರೆ ಗಂಡನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಸೋರಿಹೋಗುತ್ತಿತ್ತು. ಆಗ ಟೀಚರಮ್ಮನಿಗೆ ಬಸ್ಸು ನೆನಪಾಯಿತು. ಗಂಡನ ತಲೆಯಲ್ಲಿ ಇನ್ನೂ ಅಲುಗಾಡದೆ ನಿಂತಿದ್ದ ಒಂದೇ ಒಂದು ಸಂಗತಿ ಅಂದರೆ ಹಳೆಯ ರೂಟು. ಪಟ್ಟಿಯ ಒಂದೊಂದು ಪದವನ್ನೂ ಒಂದೊಂದು ಸ್ಟಾಪಿನಲ್ಲಿ ಹತ್ತಿಸಿದರು. ಡಿಪೋದಲ್ಲಿ ಕುರ್ಚಿ ಹೊತ್ತ ಬಡಗಿ, ರೈಲ್ವೆ ಗೇಟಿನಲ್ಲಿ ಬೆಣ್ಣೆ ಡಬ್ಬಿಯ ಮುದುಕಿ, ಮಾರ್ಕೆಟ್ಟಿನಲ್ಲಿ ಬಾತುಕೋಳಿ.

"ಬಾತುಕೋಳಿಗೆ ಅರ್ಧ ಟಿಕೆಟ್ಟಾ, ಪೂರ್ತಿನಾ?" ಕಂಡಕ್ಟರಿಗೆ ಹುರುಪು ಬಂತು.

"ಅದನ್ನ ನೀವೇ ತೀರ್ಮಾನ ಮಾಡಿ. ಇಳೀಬಾರದು ಅಷ್ಟೆ."

ಮೂರನೇ ಪರೀಕ್ಷೆಯಲ್ಲಿ ಅಂಕ ಮೇಲೆದ್ದಿತು. ನಾಲ್ಕನೆಯದರಲ್ಲಿ ಅಲ್ಲೇ ನಿಂತಿತು. ಡಾಕ್ಟರಮ್ಮ ಕಾಗದಗಳನ್ನು ಮಗುಚಿ ಹಾಕಿ, "ಬಹಳ ಚೆನ್ನಾಗಿದೆ" ಅಂದರು. ಆಮೇಲೆ ಗಂಡನನ್ನು ಹೊರಗೆ ಕೂರಿಸಿ ಹೆಂಡತಿಯನ್ನು ಬೇರೆಯಾಗಿ ಕೇಳುವ ಪದ್ಧತಿ ಇತ್ತು. ದಾರಿ ತಪ್ಪುತ್ತಾರಾ? ಹೇಳಿದ್ದನ್ನೇ ಹೇಳುತ್ತಾರಾ? ಸಿಟ್ಟು, ಅಳು ಹೆಚ್ಚಾಗಿದೆಯಾ? ನಿದ್ದೆ ಹೇಗೆ? ಎಲ್ಲದಕ್ಕೂ ಟೀಚರಮ್ಮ "ಮೊದಲಿನ ಹಾಗೇ ಇದಾರೆ" ಅಂದರು. ಪಾಸಾಗುವ ಹುಡುಗನ ಬಗ್ಗೆ ಹೆಡ್‌ಮಾಸ್ಟರಿಗೆ ಯಾರು ದೂರು ಹೇಳುತ್ತಾರೆ?

ಮೊದಲಿನ ಹಾಗೆ ಇರಲಿಲ್ಲ. ನಿದ್ದೆ ಹಾರಿಹೋಗಿತ್ತು. ಬಟ್ಟೆ ಮೈಮೇಲೆ ಜೋಲಾಡುವಷ್ಟು ತೂಕ ಇಳಿದಿತ್ತು. ಕಂಡಕ್ಟರು ಹಗಲು ಹೊತ್ತಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ಸುಮ್ಮನೆ ಕಣ್ಣೀರು ಸುರಿಸುವರು. ಯಾಕೆ ಅಂದರೆ ಗೊತ್ತಿಲ್ಲ ಅನ್ನುವರು. ಮಾತಿನ ನಡುವೆ ಪದ ಸಿಗದೆ ಕೈ ಆಡಿಸುತ್ತ ನಿಂತುಬಿಡುವರು. ಜೀವನವಿಡೀ ಒಬ್ಬರ ಮೇಲೂ ರೇಗದ ಮನುಷ್ಯ ಒಂದು ದಿನ ಚಹಾದ ಲೋಟವನ್ನು ಗೋಡೆಗೆ ಬೀಸಿ ಒಗೆದರು. ಟೀಚರಮ್ಮ ಚೂರುಗಳನ್ನು ಬಳಿದು ತೆಗೆಯುತ್ತ, ಕಾಯಿಲೆ ಮೇಲೇರುತ್ತಿದೆ, ಮಾತ್ರೆ ಇಲ್ಲದಿದ್ದರೆ ಇನ್ನೆಷ್ಟು ಕೆಟ್ಟದಾಗುತ್ತಿತ್ತೋ ಅಂದುಕೊಂಡರು. ಪಾಠದ ಹೊತ್ತು ಇನ್ನಷ್ಟು ಹೆಚ್ಚಾಯಿತು. ಕಂಡಕ್ಟರು ಮುಖ ಸಿಂಡರಿಸಿದರೆ ಗದರಿದರು. ಮುಖ ತಿರುಗಿಸಿದರೆ ಗಲ್ಲ ಹಿಡಿದು ತಿರುಗಿಸಿದರು.

ಮಗಳ ಮನೆ ಎರಡು ಬೀದಿ ಆಚೆ. ಔಷಧಿ ಅಂಗಡಿಯಲ್ಲಿ ಕೆಲಸ. ಒಂದು ಭಾನುವಾರ ಅವಳು ಬಂದಾಗ ಪಾಠ ನಡೆಯುತ್ತಿತ್ತು. ಅಪ್ಪ ಬೆವರುತ್ತಿದ್ದರು. ಅಮ್ಮ ಮೇಜು ತಟ್ಟಿ ತಟ್ಟಿ, "ಮಾರ್ಕೆಟ್ಟಲ್ಲಿ ಯಾರು ಹತ್ತಿದ್ರು? ಯಾರು ಹತ್ತಿದ್ರು ರೀ?" ಅಂತ ಕೇಳುತ್ತಿದ್ದರು. ಮಗಳು ಬಾಗಿಲಲ್ಲೇ ನಿಂತು ಪೂರ್ತಿ ನೋಡಿದಳು. ಆಮೇಲೆ ಅಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

"ಅಮ್ಮಾ, ಇದೇನು ಮಾಡ್ತಿದ್ದೀಯಾ?"

"ಕಾಣಿಸ್ತಿಲ್ವಾ? ಓದಿಸ್ತಿದ್ದೀನಿ."

"ಅಪ್ಪ ಪಾಸಾದ್ರೆ ಕಾಯಿಲೆ ಫೇಲಾಗತ್ತಾ?"

"ಮಾತ್ರೆ ನಿಲ್ಲಿಸ್ತಾರೆ ಕಣೇ! ಅಂಕ ಕಡಿಮೆಯಾದ್ರೆ ನಿಲ್ಲಿಸ್ತಾರೆ. ನಿಂತ್ಮೇಲೆ ಏನ್ಮಾಡ್ಲಿ? ನೀನು ಹೇಳು, ನಿಮ್ಮಂಗಡೀಲಿ ಇದಕ್ಕೆ ಏನಾದ್ರೂ ಇದೆಯಾ? ಇದ್ರೆ ತಂದುಕೊಡು, ಇವತ್ತೇ ಪಾಠ ಬಿಡ್ತೀನಿ."

ಡಾಕ್ಟರಿಗೆ ಹೇಳುತ್ತೇನೆ ಅಂದಳು ಮಗಳು. ಹೇಳಿದರೆ ನನ್ನ ಮುಖ ನೋಡಬೇಡ ಅಂದರು ಅಮ್ಮ. ಇಬ್ಬರೂ ಅತ್ತರು. ಮಗಳು ಡಾಕ್ಟರಿಗೆ ಹೇಳಲಿಲ್ಲ. ಮುಂದಿನ ಭಾನುವಾರದಿಂದ ಬರುವುದನ್ನೂ ಕಡಿಮೆ ಮಾಡಿದಳು. ಟೀಚರಮ್ಮ ಭಾನುವಾರಗಳಲ್ಲಿ ಬಾಗಿಲ ಕಡೆ ನೋಡುತ್ತಿದ್ದರು. ಆದರೆ ಪರೀಕ್ಷೆ ಹತ್ತಿರದಲ್ಲಿತ್ತು, ಮೀನುಗಾರನ ಕಥೆ ಇನ್ನೂ ಬಾಯಿಗೆ ಬಂದಿರಲಿಲ್ಲ.

ಆಸ್ಪತ್ರೆಯಿಂದ ಫೋನು ಬಂದಾಗ ಅವರು ಬಟ್ಟೆ ಮಡಚುತ್ತಿದ್ದರು. ತಕ್ಷಣದಿಂದ ಮಾತ್ರೆ ಕೊಡಬೇಡಿ, ನಾಳೆಯೇ ಬನ್ನಿ. ಅಷ್ಟೇ ಹೇಳಿದರು. ಸಿಕ್ಕಿಬಿದ್ದೆ ಅಂದುಕೊಂಡರು ಟೀಚರಮ್ಮ. ಮಗಳ ಮೇಲೆ ಕೆಂಡದಂಥ ಕೋಪ ಬಂತು. ಆದರೆ ಮರುದಿನ ಡಾಕ್ಟರಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ನಿದ್ದೆಗೆಟ್ಟ ಕಣ್ಣುಗಳಿದ್ದವು.

"ಪ್ರಯೋಗ ನಿಂತುಹೋಯ್ತಮ್ಮ. ಇಲ್ಲಿ ಮಾತ್ರ ಅಲ್ಲ, ಎಲ್ಲಾ ಕಡೆ. ನಿಜವಾದ ಮಾತ್ರೆ ತಗೊಂಡೋರ ಅಂಕ ಹುಸಿ ಮಾತ್ರೆ ತಗೊಂಡೋರಿಗಿಂತ ಕೆಳಗೆ ಹೋಗಿದೆ. ಅಂಟು ತುಂಡುಗಳೇನೋ ಕಡಿಮೆ ಆಗಿವೆ, ನಾವು ಅಂದ್ಕೊಂಡ ಹಾಗೇ. ಆದ್ರೆ ಜನ ಸುಧಾರಿಸಿಲ್ಲ. ಇನ್ನೂ ಕೆಟ್ಟಿದಾರೆ."

"ಯಾಕೆ?" ಕೇಳಿದರು ಟೀಚರಮ್ಮ.

"ಆ ಕಿಣ್ವ ಇದೊಂದನ್ನೇ ಕತ್ತರಿಸ್ತಿರ್ಲಿಲ್ಲ. ನರಕೋಶಗಳು ಒಂದಕ್ಕೊಂದು ಸಂಪರ್ಕದಲ್ಲಿರೋಕೆ ಬೇಕಾದ ಬೇರೆ ಪ್ರೋಟೀನುಗಳನ್ನೂ ಅದೇ ಕತ್ತರಿಸ್ಬೇಕು. ನಾವು ಕೈ ಕಟ್ಟಿದ್ರಿಂದ ಆ ಕೆಲಸಾನೂ ನಿಂತಿರ್ಬಹುದು. ಪೂರ್ತಿ ಯಾರಿಗೂ ಗೊತ್ತಿಲ್ಲ."

"ನಮ್ಮವರಿಗೆ ಯಾವ ಮಾತ್ರೆ?"

ಡಾಕ್ಟರಮ್ಮ ಈಗಷ್ಟೇ ಬಂದ ಪಟ್ಟಿ ತೆರೆದು ನೋಡಿದರು. "ನಿಜವಾದ್ದೇ. ಅಳು, ನಿದ್ದೆ ಕೆಡೋದು, ತೂಕ ಇಳಿಯೋದು, ಇದೆಲ್ಲ ಹಲವರಿಗಾಗಿದೆ. ನಿಮ್ಮೆಜಮಾನ್ರ ತೂಕ ಇಳಿದಿತ್ತು, ಅದಕ್ಕೇ ನಿಮ್ಮನ್ನ ಒತ್ತಿ ಒತ್ತಿ ಕೇಳ್ತಿದ್ದೆ. ಆದ್ರೆ ಉಳಿದದ್ದು ಯಾವುದೂ ಇಲ್ಲ ಅಂತ ನೀವೇ ಹೇಳಿದ್ರಿ. ಅಂಕಾನೂ ಬಿದ್ದಿಲ್ಲ. ಅವರೊಬ್ಬರು ಹೇಗೋ ತಪ್ಪಿಸ್ಕೊಂಡಿದಾರೆ. ನಮಗೆಲ್ಲ ಆಶ್ಚರ್ಯ."

ಹೇಳಬೇಕು ಅಂತ ನಾಲಿಗೆ ತುದಿಗೆ ಬಂದದ್ದನ್ನು ಟೀಚರಮ್ಮ ನುಂಗಿಕೊಂಡರು. ಮಾತ್ರೆ ನಿಲ್ಲಿಸಿದ ಮೇಲೆ ಸರಿಹೋಗುತ್ತದಾ ಅಂತ ಮಾತ್ರ ಕೇಳಿದರು. ಕೆಲವರು ಸ್ವಲ್ಪ ಸುಧಾರಿಸಬಹುದು, ಎಲ್ಲರೂ ಅಲ್ಲ ಅಂದರು ಡಾಕ್ಟರಮ್ಮ. ಕೆಲವು ತಿಂಗಳ ನಂತರ ಕೊನೆಯದೊಂದು ಪರೀಕ್ಷೆ ಇರುತ್ತದೆ, ಆಗ ಗೊತ್ತಾಗುತ್ತದೆ ಅಂದರು.

ಮನೆಗೆ ಬಂದು ಟೀಚರಮ್ಮ ಉಳಿದ ಮಾತ್ರೆಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ತಾವೇ ಬಿಡಿಸಿ, ತಾವೇ ಅಂಗೈಯಲ್ಲಿಟ್ಟು, ನುಂಗುವತನಕ ಕಣ್ಣು ಕೀಳದೆ ಕಾದದ್ದು. ಒಮ್ಮೊಮ್ಮೆ ಗಂಡ ಬೇಡ ಅಂತ ತುಟಿ ಬಿಗಿದಾಗ ಮೂಗು ಹಿಡಿದು ನುಂಗಿಸಿದ್ದೂ ಇತ್ತು. ಅದು ನೆನಪಾದಾಗ ಅವರಿಗೆ ತಮ್ಮ ಕೈಗಳನ್ನೇ ನೋಡಲು ಆಗಲಿಲ್ಲ. ಪರೀಕ್ಷೆ ಇಟ್ಟದ್ದೇ ಕೇಡು ಕಂಡ ಕೂಡಲೇ ನಿಲ್ಲಿಸಲಿ ಅಂತ. ಆ ಕೇಡನ್ನು ಕಾಣದ ಹಾಗೆ ಮುಚ್ಚಿಟ್ಟವರು ಯಾರು? ಇಡೀ ಆಸ್ಪತ್ರೆಯಲ್ಲಿ ಇದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ, ಮನೆಯಲ್ಲಿ ಗೊತ್ತಿದ್ದವಳು ಮನೆಗೆ ಬರುವುದನ್ನೇ ಕಡಿಮೆ ಮಾಡಿದ್ದಳು.

ಪಾಠ ನಿಂತಿತು. ಇನ್ನು ಅವರಾಗಿಯೇ ಸುಧಾರಿಸಲಿ, ಸುಧಾರಿಸಿದರೆ ಸಾಕು, ನನ್ನ ತಪ್ಪು ಅಲ್ಲಿಗೆ ತೊಳೆದುಹೋಗುತ್ತದೆ ಅಂತ ಟೀಚರಮ್ಮ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ನಿದ್ದೆ ಸ್ವಲ್ಪ ಮರಳಿತು. ಅಳು ಕಡಿಮೆಯಾಯಿತು. ಒಂದು ದಿನ ಕಂಡಕ್ಟರು ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಪೂರ್ತಿ ತಿಂದು ಇನ್ನೊಂದು ತುಂಡು ಕೇಳಿದಾಗ ಟೀಚರಮ್ಮ ಹಿತ್ತಲಿಗೆ ಹೋಗಿ ಮನಸಾರೆ ಅತ್ತು ಬಂದರು. ಮಗಳಿಗೆ ಫೋನು ಮಾಡಿ ಹೇಳಿದರು. ಆದರೆ ಮಾತು ಮರಳಲಿಲ್ಲ. ರೂಟಿನ ಹೆಸರುಗಳೂ ಒಂದೊಂದಾಗಿ ಇಳಿದುಹೋಗುತ್ತಿದ್ದವು. ಮೊದಲು ಮಾರ್ಕೆಟ್ಟು ಹೋಯಿತು, ಆಮೇಲೆ ರೈಲ್ವೆ ಗೇಟು.

ವಿಚಿತ್ರವೆಂದರೆ ಪಾಠದ ಹೊತ್ತನ್ನು ಮಾತ್ರ ಕಂಡಕ್ಟರು ಮರೆಯಲಿಲ್ಲ. ದಿನಾ ಬೆಳಿಗ್ಗೆ ತಾವಾಗಿಯೇ ಮೇಜಿನ ಮುಂದೆ ಬಂದು, ಕೈ ಕಟ್ಟಿ ಕೂರುತ್ತಿದ್ದರು.

"ಪಾಠ?"

"ಇಲ್ಲ ರೀ. ರಜ."

"ಯಾಕೆ?"

"ಪರೀಕ್ಷೆ ಮುಗೀತು. ನೀವು ಪಾಸಾಗಿದ್ದೀರಿ. ಎದ್ದು ಹೊರಗೆ ಕೂತ್ಕೊಳ್ಳಿ, ಬಿಸಿಲಿದೆ."

ಅವರು ಏಳುತ್ತಿರಲಿಲ್ಲ. ಏನೋ ತಪ್ಪು ಮಾಡಿದ್ದಕ್ಕೆ ಪಾಠ ನಿಲ್ಲಿಸಿದ್ದಾರೆ ಅನ್ನುವ ಹಾಗೆ ಮೇಜಿನ ಅಂಚನ್ನು ಉಜ್ಜುತ್ತ ಕೂತಿರುತ್ತಿದ್ದರು. ಟೀಚರಮ್ಮ ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದರು.

ಕೊನೆಯ ಪರೀಕ್ಷೆಗೆ ಅವರನ್ನು ಹಾಗೇ ಕರೆದುಕೊಂಡು ಹೋದರು. ವಾರ ಹೇಳಿಕೊಡಲಿಲ್ಲ, ತಿಂಗಳು ಹೇಳಿಕೊಡಲಿಲ್ಲ. ಇದೊಂದಾದರೂ ನಿಜವಾಗಿರಲಿ ಅಂತ ಹಲ್ಲು ಕಚ್ಚಿ ಬೆಂಚಿನ ಮೇಲೆ ಕೂತರು. ಹಲಗೆಯ ಆಚೆ ಹುಡುಗಿ ಪದಗಳನ್ನು ಓದಿದಳು. ಇನ್ನು ನೀವು ಹೇಳಿ ಅಂದಳು. ಏನೂ ಕೇಳಲಿಲ್ಲ. ಮತ್ತೊಮ್ಮೆ ಓದಿದಳು. ಏನೂ ಕೇಳಲಿಲ್ಲ. ಆಮೇಲೆ ಕುರ್ಚಿ ಸರಿದ ಸದ್ದಾಯಿತು. ಹಲಗೆಯ ಮೇಲಿನಿಂದ ಗಂಡನ ದನಿ ಬಂತು.

"ಟೀಚರಮ್ಮಾ? ಇದೀರಾ?"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಟೀಚರಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತೇ ಇದ್ದರು. ನೂರರಿಂದ ಏಳು ಕಳೆಯಿರಿ ಅಂದಳು ಹುಡುಗಿ. ಎಲ್ಲಿಗೆ ಅಂತ ಕೇಳಿದರು ಕಂಡಕ್ಟರು.

ಆಮೇಲೆ ಇಬ್ಬರನ್ನೂ ಒಟ್ಟಿಗೆ ಡಾಕ್ಟರಮ್ಮ ಒಳಗೆ ಕರೆದರು. ಕಾಗದಗಳನ್ನು ಹಿಂದೆ ಮುಂದೆ ಮಗುಚಿ, ಹುಬ್ಬು ಗಂಟಿಕ್ಕಿಕೊಂಡು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಯಾರೂ ನಿರೀಕ್ಷಿಸದ ಒಂದು ಆಸೆಯಿತ್ತು.

"ಅಮ್ಮ, ಇದನ್ನ ನೋಡಿ. ಮಾತ್ರೆ ಇರೋವರೆಗೂ ಅಂಕ ಗಟ್ಟಿಯಾಗಿ ನಿಂತಿತ್ತು. ನಿಲ್ಲಿಸಿದ ಮೇಲೆ ಒಂದೇ ಸಲಕ್ಕೆ ಪಾತಾಳಕ್ಕಿಳಿದಿದೆ. ಎಲ್ಲರಿಗೂ ಕೆಟ್ಟದ್ದು ಮಾಡಿದ ಮಾತ್ರೆ ಇವರೊಬ್ಬರಿಗೆ ಒಳ್ಳೇದು ಮಾಡ್ತಿತ್ತೇನೋ. ಅಪರೂಪಕ್ಕೆ ಹಾಗಾಗೋದುಂಟು. ನಾನು ಮೇಲಿನವರಿಗೆ ಬರೀತೀನಿ. ಇವರಿಗೆ ಮಾತ್ರ ಮತ್ತೆ ಶುರು ಮಾಡೋಕೆ ವಿಶೇಷ ಅನುಮತಿ ಕೇಳ್ತೀನಿ. ಸಿಗತ್ತೆ ಅಂತ ಹೇಳಲ್ಲ, ಕೇಳಿ ನೋಡ್ತೀನಿ."

ಟೀಚರಮ್ಮನಿಗೆ ಒಂದು ಗಳಿಗೆ ಕಾಲ ಕೆಳಗಿನ ನೆಲ ಗಟ್ಟಿಯಾದಂತಾಯಿತು. ಸುಮ್ಮನಿದ್ದರೆ ಸಾಕು. ಮಾತ್ರೆ ಒಳ್ಳೆಯದು ಅಂತಾಗುತ್ತದೆ, ನುಂಗಿಸಿದ ಕೈ ಒಳ್ಳೆಯದು ಅಂತಾಗುತ್ತದೆ, ಎಲ್ಲರೂ ನಂಬುತ್ತಾರೆ, ಆಮೇಲೆ ತಾವೂ ನಂಬಬಹುದು. ಪಕ್ಕಕ್ಕೆ ತಿರುಗಿ ಗಂಡನನ್ನು ನೋಡಿದರು. ಅವರು ಇತ್ತೀಚೆಗೆ ಸ್ವಲ್ಪ ತುಂಬಿಕೊಂಡಿದ್ದ ಕೆನ್ನೆಯನ್ನು ಅಂಗೈಗೆ ಆನಿಸಿಕೊಂಡು, ಮೇಜಿನ ಮೇಲಿನ ಪೆನ್ನು ನೋಡುತ್ತ ಕೂತಿದ್ದರು.

"ಬೇಡ ಡಾಕ್ಟ್ರೇ. ಬರೀಬೇಡಿ" ಅಂದರು. "ಅಂಕ ಅವರದಲ್ಲ. ನಾನು ಉರು ಹೊಡೆಸ್ತಿದ್ದೆ. ಹೊರಗೆ ಕೂತ್ರೆ ಎಲ್ಲಾ ಕೇಳಿಸತ್ತೆ. ಪಟ್ಟಿ ಸುತ್ತಿ ಬರತ್ತೆ. ಅಳ್ತಿದ್ರು, ನಿದ್ದೆ ಮಾಡ್ತಿರ್ಲಿಲ್ಲ, ನಾನು ಹೇಳ್ಲಿಲ್ಲ. ನೀವು ಮಾತ್ರೆ ನಿಲ್ಲಿಸಿಬಿಡ್ತೀರಿ ಅಂತ ಹೇಳ್ಲಿಲ್ಲ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಗದಗಳನ್ನು ನಿಧಾನವಾಗಿ ಮುಚ್ಚಿಟ್ಟರು.

"ಮೊದಲೇ ಗೊತ್ತಾಗಿದ್ರೆ ನಿಲ್ಲಿಸ್ತಿದ್ರಾ?" ಟೀಚರಮ್ಮ ಕೇಳಿದರು.

"ನಿಲ್ಲಿಸ್ತಿದ್ವಿ."

"ಇವರಲ್ಲಿ ಕಾಯಿಲೆಯಿಂದ ಹೋಗಿದ್ದೆಷ್ಟು, ಮಾತ್ರೆಯಿಂದ ಹೋಗಿದ್ದೆಷ್ಟು? ಅದಾದ್ರೂ ಹೇಳಿ."

"ಅದನ್ನ ತಿಳ್ಕೊಳ್ಳೋಕೇ ಆ ಪರೀಕ್ಷೆಗಳು ಇದ್ದಿದ್ದಮ್ಮ" ಅಂದರು ಡಾಕ್ಟರಮ್ಮ. ಅವರ ದನಿಯಲ್ಲಿ ದಣಿವಿತ್ತು, ಕನಿಕರವೂ ಇತ್ತು. ಹೊಸ ಹಾಳೆ ತೆಗೆದುಕೊಂಡರು. "ಹೋಗ್ಲಿ. ಈಗಲಾದ್ರೂ ಮೊದಲಿನಿಂದ ನಿಜ ಹೇಳಿ. ಮಾತು ಯಾವಾಗಿಂದ ತಡವರಿಸ್ತು? ಮನೆಯವರನ್ನ ಗುರುತಿಸೋದು ಯಾವಾಗ ಕಷ್ಟ ಆಯ್ತು?"

ಟೀಚರಮ್ಮ ಬಾಯಿ ತೆರೆದರು. ಏನೂ ಹೊಳೆಯಲಿಲ್ಲ. ಯಾವ ಪಟ್ಟಿ ಯಾವಾಗ ಬಂತು, ಯಾವ ಪದ ಎಲ್ಲಿ ಜಾರಿತು, ಅದೆಲ್ಲ ನಾಲಿಗೆಯ ಮೇಲಿತ್ತು. ಗಂಡ ಯಾವಾಗ ಏನಾದರು ಅನ್ನುವುದನ್ನು ಅವರು ನೋಡಿಯೇ ಇರಲಿಲ್ಲ.

"ಗುರುತಿಸ್ತಾರೆ" ಅಂದರು ಗಾಬರಿಯಿಂದ. "ನನ್ನನ್ನ ಗುರುತಿಸ್ತಾರೆ. ಅದರಲ್ಲಿ ಏನೂ ತೊಂದರೆ ಇಲ್ಲ ಡಾಕ್ಟ್ರೇ."

ಡಾಕ್ಟರಮ್ಮ ಕಂಡಕ್ಟರ ಕಡೆ ಬಾಗಿದರು. "ಯಜಮಾನ್ರೇ, ಇವರು ಯಾರು ಹೇಳಿ?"

"ಟೀಚರಮ್ಮ" ಅಂದರು ಕಂಡಕ್ಟರು, ತಡವಿಲ್ಲದೆ.

ಟೀಚರಮ್ಮನಿಗೆ ಉಸಿರು ಬಂತು.

"ಹೌದು. ನಿಮಗೆ ಏನಾಗ್ಬೇಕು ಇವರು?"

ಕಂಡಕ್ಟರು ಪ್ರಶ್ನೆಯನ್ನು ಕೇಳಿಸಿಕೊಂಡರು. ಯೋಚಿಸಿದರು. ಡಾಕ್ಟರಮ್ಮನ ಮುಖ ನೋಡಿದರು, ಗೋಡೆ ನೋಡಿದರು, ಬೆರಳುಗಳನ್ನು ಮಡಚಿ ಬಿಡಿಸಿದರು. ಹಣೆಯ ಮೇಲೆ ಬೆವರು ಒಡೆಯಿತು. ಕೊನೆಗೆ ಹೆಂಡತಿಯ ಕಡೆ ವಾಲಿ, ಡಾಕ್ಟರಿಗೆ ಕೇಳಿಸದಿರಲಿ ಅಂತ ದನಿ ತಗ್ಗಿಸಿ, ಬಹಳ ಸಂಕೋಚದಿಂದ ಹೇಳಿದರು.

"ಇದನ್ನ ನೀವು ಹೇಳ್ಕೊಡ್ಲೇ ಇಲ್ವಲ್ಲ."